ಉಳಿ ಹಿಡಿದರೆ ಮಾನ ಹೋಗುವುದೆ?

ರಾಯಚೂರಿನಲ್ಲಿ ಸರಕಾರಿ ಕೆಲಸದಿಂದ ನಿವೃತ್ತನಾದವನು ಏನೇನು ಮಾಡಬಹುದು ಎಂಬುದನ್ನು ಊರೇ ಗೊತ್ತುಮಾಡಿಟ್ಟಿದೆ. ಬೆಳಗ್ಗೆ ಮಾವಿನಕೆರೆಯ ಕಡೆಗೆ ಗಾಳಿಸೇವನೆಗೆ ಹೋಗಬಹುದು. ಬಿಸಿಲೇರುವ ಮೊದಲು ಮನೆಗೆ ಬಂದು, ಪತ್ರಿಕೆಯನ್ನು ಮೊದಲ ಪುಟದಿಂದ ಕಡೆಯ ಪುಟದವರೆಗೆ ಓದಿ, ದೇಶದ ಗತಿ ಇಷ್ಟೇ ಎಂದು ನಿಟ್ಟುಸಿರು ಬಿಡಬಹುದು. ಗುರುವಾರ ಮಂತ್ರಾಲಯಕ್ಕೆ ಹೋಗಬಹುದು. ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ತಾನಿನ್ನೂ ಬದುಕಿರುವೆನೆಂದು ರುಜುವಾತು ಮಾಡಬಹುದು. ಇವುಗಳಲ್ಲಿ ಯಾವುದನ್ನು ಮಾಡಿದರೂ ಅವನು ಮರ್ಯಾದಸ್ಥನೇ. ಆದರೆ ಹಿತ್ತಲಲ್ಲಿ ಒಂದು ತಗಡಿನ ಚಪ್ಪರ ಹಾಕಿ, ಅದರಡಿ ಗಟ್ಟಿ ಮೇಜೊಂದನ್ನಿರಿಸಿ, ಉಳಿ ಕೊಡತಿ ಹಿಡಿದು ನಿಂತನೋ, ಅವನ ಮಾನ ಹೋಯಿತೆಂದೇ ತಿಳಿಯತಕ್ಕದ್ದು!

ಇದು ಕಲ್ಪನೆಯ ಮಾತಲ್ಲ. ನನ್ನ ಹಿರಿಯ ಮಿತ್ರರೊಬ್ಬರು ಮಾನ್ವಿಯ ಕಡೆಯವರು. ಮೂವತ್ತು ವರ್ಷಕ್ಕೂ ಮಿಕ್ಕಿ ಗಣಿತ ಕಲಿಸಿ, ಅರವತ್ತು ತುಂಬಿದಾಗ ಹಾರ ತುರಾಯಿ ಹಾಕಿಸಿಕೊಂಡು ಮನೆಗೆ ಬಂದರು. ಬಂದ ಮರುತಿಂಗಳೇ ಹಿತ್ತಲಲ್ಲಿ ಬಡಿಗತನದ ಶಾಲೆ ಹೂಡಿದರು. ಮಳೆಗಾಳಿಗೆ ಉರುಳಿದ ಬೇವಿನ ಮರವನ್ನು ಸಾಮಿಲ್ಲಿಗೆ ಒಯ್ದು ಹಲಗೆ ಕೊಯ್ಯಿಸಿ, ಒಂದರ ಮೇಲೊಂದು, ನಡುವೆ ಕಡ್ಡಿಗಳನ್ನಿಟ್ಟು, ನೆರಳಲ್ಲಿ ಪೇರಿಸಿದರು. ನಮ್ಮ ಬಿಸಿಲಿಗೆ ಹಸಿ ಹಲಗೆಯನ್ನು ಒಡ್ಡಿದರೆ ಅದು ಸೀಳಿ ಹೋಗುತ್ತದೆ. ಅಂಗುಲ ದಪ್ಪದ ಹಲಗೆ ನಿಧಾನವಾಗಿ ಆರಲು ಒಂದು ವರ್ಷವನ್ನಾದರೂ ಕೊಡಬೇಕು. ತಾವು ನಿಂತಾಗ ಮಣಿಕಟ್ಟು ಎಲ್ಲಿಗೆ ಬರುವುದೋ ಅಷ್ಟೇ ಎತ್ತರಕ್ಕೆ ಮೇಜು ಮಾಡಿಸಿದರು. ಚಪ್ಪರದ ತಗಡು ಕಾದು ಹೆಂಚಾಗುವುದೆಂದು ಮೇಲೆ ಜೋಳದ ಸೊಪ್ಪೆ ಹೊದಿಸಿದರು. ಬೇಸಗೆಯಲ್ಲಿ ಬೆಳಗಿನ ಆರರಿಂದ ಒಂಬತ್ತರವರೆಗೆ ಮಾತ್ರ ಕೆಲಸ.

ಊರು ಸುಮ್ಮನಿದ್ದೀತೆ? “ಏನ್ರೀ ಸರ, ಪಿಂಚಣಿ ಸಾಲವಲ್ದೇನ್ರಿ?” ಎಂದು ನೆರೆಯವರು ಗೋಡೆಯಾಚೆಯಿಂದ ಕೇಳಿದರು. ಬೆಂಗಳೂರಿನಲ್ಲಿರುವ ಮಗ ಫೋನು ಮಾಡಿ, “ಅಪ್ಪಾ, ಮಂದಿ ಏನಂತಾರ? ನಾ ರೊಕ್ಕ ಕಳಸಂಗಿಲ್ಲೇನು?” ಎಂದು ನೊಂದುಕೊಂಡ. ಬರುವ ಬೇಸಗೆಯೊಳಗೆ ಆ ಚಪ್ಪರ ತೆಗೆದು, ಬಾಡಿಗೆಗೆ ಕೊಡಲು ಒಂದು ಕೋಣೆ ಕಟ್ಟಿಸಬೇಕೆಂದು ಅವನ ಹಟ. ಬಾಡಿಗೆಯ ಹಣದಿಂದ ಹೋಗದ ಮಾನ ಉಳಿಯಿಂದ ಹೋಗುತ್ತದಂತೆ!

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. “ನಮ್ಮ ಗಣಿತದವರು ಲೆಕ್ಕ ಕೂಡಿಸುವುದು ಬಿಟ್ಟು ಹಲಗೆ ಕೂಡಿಸಲು ಹೊರಟಿದ್ದಾರೆ” ಎಂದು ಕಾಲೇಜಿನ ಅಧ್ಯಾಪಕರ ಕೋಣೆಯಲ್ಲಿ ನಗೆಯಾಡಿದವನು ನಾನೇ. ಮಾತು ಅವರ ಕಿವಿಗೆ ಬಿತ್ತು. ಅವರು ಕೋಪಿಸಿಕೊಳ್ಳಲಿಲ್ಲ. ಒಂದು ಭಾನುವಾರ ಚಹಕ್ಕೆ ಕರೆದು, ಮೇಜಿನ ಮೇಲೆ ಹತ್ತು ಹನ್ನೆರಡು ಸಾಮಾನು ಹರವಿ, “ನೀವು ಬಾಚಿಕಾಯಕದ ಬಸವಯ್ಯನ ವಚನ ಪಾಠ ಮಾಡ್ತೀರಲ್ಲ, ಇದರಾಗ ಬಾಚಿ ಯಾವುದು ತೋರಿಸ್ರಿ” ಎಂದರು. ನಾನು ಧೈರ್ಯವಾಗಿ ಒಂದರ ಮೇಲೆ ಬೆರಳಿಟ್ಟೆ. ಅದು ಕೊಡಲಿಯಾಗಿತ್ತು. ಗುದ್ದಲಿಯಂತೆ ಹಿಡಿಗೆ ಅಡ್ಡಲಾಗಿ ಅಲಗು ಇರುವ, ಮರವನ್ನು ಕೆತ್ತಿ ಒಪ್ಪ ಮಾಡುವ ಬಾಚಿ ಅದರ ಮಗ್ಗುಲಲ್ಲೇ ಇತ್ತು. ಇಪ್ಪತ್ತು ವರ್ಷಗಳಿಂದ ಆ ಬಸವಯ್ಯನನ್ನೂ, ತಾನೂ ವಚನ ರಚಿಸಿದ ಅವನ ಹೆಂಡತಿ ಕಾಳವ್ವೆಯನ್ನೂ ನಾನು ವಿದ್ಯಾರ್ಥಿಗಳಿಗೆ ವಿವರಿಸುತ್ತ ಬಂದಿದ್ದೇನೆ!

ನಮ್ಮ ಪಾಂಡಿತ್ಯದ ಹಣೆಬರಹವೇ ಇದು. ಆಯ್ದಕ್ಕಿ ಮಾರಯ್ಯ ನಮ್ಮ ಲಿಂಗಸುಗೂರು ಸೀಮೆಯ ಅಮರೇಶ್ವರದವನೆಂದು ಹೆಮ್ಮೆಪಡುತ್ತೇವೆ. ಕಾಯಕದ ಹಿರಿಮೆಯ ಮೇಲೆ ಪ್ರತಿವರ್ಷ ಭಾಷಣ ಮಾಡುತ್ತೇವೆ. ಭಾಷಣದ ಕುರ್ಚಿ ಮುರಿದರೆ ಮಾತ್ರ ಬಡಿಗನನ್ನು ನೆನೆಯುತ್ತೇವೆ. ರಾಯಚೂರಿನ ಕೋಟೆಯ ಗೋಡೆಯಲ್ಲಿ 1294ರ ಶಾಸನವುಳ್ಳ, ಸುಮಾರು 41 ಅಡಿ ಉದ್ದದ ಕಲ್ಲೊಂದಿದೆ. ಅಂಥ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ದೃಶ್ಯವನ್ನು ಅಲ್ಲಿಯೇ ಗೀರಿ ತೋರಿಸಿದ್ದಾರೆ. ಕೋಟೆ ಕಟ್ಟಿಸಿದ ಗೋರೆ ಗಂಗಯ್ಯ ರೆಡ್ಡಿಯ ಹೆಸರನ್ನು ಪುಸ್ತಕಗಳಲ್ಲಿ ಓದುತ್ತೇವೆ. ಅಷ್ಟು ಭಾರಕ್ಕೆ ಮುರಿಯದ ಗಾಲಿಯನ್ನು ಮಾಡಿದವನು ಯಾರೆಂದು ನಮ್ಮಲ್ಲಿ ಯಾರಾದರೂ ಕೇಳಿದ್ದುಂಟೆ? ಕೈಕೆಲಸದ ಮೂಲಕವೇ ಶಿಕ್ಷಣ ನಡೆಯಬೇಕೆಂದು ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಸಾರಿದರು. ನಾವು ಅದನ್ನು ಪರೀಕ್ಷೆಯ ಪ್ರಶ್ನೆಯನ್ನಾಗಿ ಮಾಡಿ, ಐದು ಅಂಕ ಕೊಟ್ಟು ಕೈತೊಳೆದುಕೊಂಡೆವು.

ಮಾನದ ವಾದಕ್ಕಿಂತ ಗಟ್ಟಿಯಾದ ಇನ್ನೊಂದು ಆಕ್ಷೇಪವುಂಟು. ಪಿಂಚಣಿ ಬರುವವನು ಉಳಿ ಹಿಡಿದರೆ ಬಡಿಗನ ಅನ್ನಕ್ಕೆ ಕಲ್ಲು ಹಾಕಿದಂತಾಗುವುದಿಲ್ಲವೆ ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆಗೆ ನಗುವಿನಿಂದ ಉತ್ತರ ಹೇಳಲಾಗದು.

ನನ್ನ ಮಿತ್ರರ ಗುರುವನ್ನೇ ನೋಡಿ. ಅವರು ದೇವದುರ್ಗದ ಕಡೆಯ ಬಡಿಗರು, ಎಪ್ಪತ್ತು ದಾಟಿದವರು. ಈಗ ರಾಯಚೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರ ತಂದೆಯ ಕಾಲದಲ್ಲಿ ಊರ ರೈತರು ಸುಗ್ಗಿಯಲ್ಲಿ ಜೋಳದ ಆಯ ಕೊಡುತ್ತಿದ್ದರು. ಬಡಿಗರು ವರ್ಷವಿಡೀ ರಂಟೆ, ಕುಂಟೆ, ಕೂರಿಗೆ, ಬಂಡಿಗಳನ್ನು ಮಾಡಿ ಕೊಡುತ್ತಿದ್ದರು. ಕೂರಿಗೆಯ ಬಟ್ಟಲಿನ ತೂತುಗಳು ಕೂದಲಷ್ಟು ಹೆಚ್ಚುಕಡಿಮೆಯಾದರೆ ಒಂದು ಸಾಲಿನಲ್ಲಿ ಕಾಳು ದಟ್ಟ, ಇನ್ನೊಂದರಲ್ಲಿ ತೆಳುವು. ಇಡೀ ಹೊಲದ ಬೆಳೆ ಬಡಿಗನ ಕಣ್ಣಳತೆಯ ಮೇಲೆ ನಿಂತಿತ್ತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಿದ್ದಿತು. ಮಾನ್ವಿಯ ಜೋಳದ ನೆಲದಲ್ಲಿ ಬರಬರುತ್ತ ಭತ್ತ ಬಂದಿತು, ಭತ್ತದ ಹಿಂದೆ ಟ್ರ್ಯಾಕ್ಟರು. ದೇವದುರ್ಗಕ್ಕೂ ನಾರಾಯಣಪುರದ ಬಲದಂಡೆ ಕಾಲುವೆ ಬಂದಿತು. ನೀರು ಬಂದದ್ದು ಒಳ್ಳೆಯದೇ. ಅದನ್ನು ಹಳಿಯುವವನು ಬರಗಾಲ ಕಂಡವನಲ್ಲ. ಆದರೆ ಮರದ ಕೂರಿಗೆ ಹೋಗಿ ಕಬ್ಬಿಣದ್ದು ಬಂದಿತು, ಆಯ ನಿಂತಿತು, ಮನೆಯೊಳಗೆ ಉಕ್ಕಿನ ಕಪಾಟು, ಪ್ಲೈವುಡ್ಡಿನ ಮೇಜು ಸೇರಿದವು. ಬಡಿಗನ ಅನ್ನ ಹೋದ ದಾರಿ ಇದು. ಹಿತ್ತಲಲ್ಲಿ ಬೇವಿನ ಹಲಗೆ ಉಜ್ಜುವ ಮಾಸ್ತರರ ಮೇಲೆ ಆ ಪಾಪವನ್ನು ಹೊರಿಸುವುದು ಅನ್ಯಾಯ.

ಆದರೂ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಪಿಂಚಣಿಯ ಬೆಂಬಲದಿಂದ ಅರ್ಧ ಬೆಲೆಗೆ ಸ್ಟೂಲು ಮಾರತೊಡಗಿದರೆ ಅದು ದ್ರೋಹವೇ ಸರಿ. ನನ್ನ ಮಿತ್ರರು ಒಂದನ್ನೂ ಮಾರುವುದಿಲ್ಲ. ಭಾನುವಾರದ ಅರ್ಧ ದಿನದ ಪಾಠಕ್ಕೆ ಗುರುವಿಗೆ ಪೂರ್ತಿ ದಿನದ ಕೂಲಿ ಕೊಡುತ್ತಾರೆ. ಕೇಂದ್ರ ಸರಕಾರವು 2023ರ ಸೆಪ್ಟೆಂಬರ್ 17ರಂದು ವಿಶ್ವಕರ್ಮ ಯೋಜನೆಯನ್ನು ಹೊರಡಿಸಿ, ಬಡಿಗರೇ ಮೊದಲಾದ ಹದಿನೆಂಟು ಕಸುಬಿನವರಿಗೆ ಸಾಮಾನು ಕೊಳ್ಳಲು 15,000 ರೂಪಾಯಿಯವರೆಗೆ ಕೊಡುವುದಾಗಿ ಹೇಳಿತು. ಒಳ್ಳೆಯದು. ಆದರೆ ಉಳಿಗೆ ಹಣ ಕೊಡಬಹುದು. ಉಳಿ ಹಿಡಿದ ಕೈಗೆ ಗೌರವ ಕೊಡುವ ಯೋಜನೆಯನ್ನು ಯಾವ ಸರಕಾರ ಹೊರಡಿಸೀತು? ಅದು ನಾವು ನೀವು ಮಾಡಬೇಕಾದದ್ದು. ಒಂದು ಮರದಲ್ಲಿ ಚೌಕದ ತೂತು ಕೊರೆದು, ಇನ್ನೊಂದರ ನಾಲಗೆಯನ್ನು ಅದರಲ್ಲಿ ಸಡಿಲವಾಗದಂತೆ ಕೂಡಿಸಲು ನನ್ನ ಮಿತ್ರರಿಗೆ ಒಂಬತ್ತು ಭಾನುವಾರ ಬೇಕಾಯಿತು. ಅಂದಿನಿಂದ ಅವರು ಯಾವ ಬಡಿಗನೊಡನೆಯೂ ಕೂಲಿಗಾಗಿ ಚೌಕಾಶಿ ಮಾಡಿಲ್ಲ.

ಇನ್ನು ಮೂರನೆಯ ಬಗೆಯವರಿದ್ದಾರೆ. ಅವರು ಆಕ್ಷೇಪಿಸುವುದಿಲ್ಲ, ಅತ್ಯುತ್ಸಾಹದಿಂದ ಹಾಳುಮಾಡುತ್ತಾರೆ. ಒಂದು ಹಲಗೆಯನ್ನೂ ಕೊಯ್ಯುವ ಮೊದಲೇ ವಿದ್ಯುತ್ ಗರಗಸ, ವಿದ್ಯುತ್ ರಂಧಾ ಎಂದು ನಿವೃತ್ತಿಯ ಗಂಟನ್ನೆಲ್ಲ ಸುರಿಯುತ್ತಾರೆ. ಅರವತ್ತರ ಕಣ್ಣು, ಅನುಭವವಿಲ್ಲದ ಕೈ, ಗಿರಗಿರ ತಿರುಗುವ ಗರಗಸ—ಈ ಮೂರೂ ಕೂಡಿದರೆ ಬೆರಳಿನ ಗತಿಯೇನು? ಮರದ ಹುಡಿಯೂ ನಿರಪಾಯಕರವಲ್ಲ. ಅದು ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1995ರಲ್ಲಿಯೇ ಸಾರಿದೆ. ಮೂಗಿಗೆ ಮುಸುಕು ಕಟ್ಟಿ, ಗಾಳಿಯಾಡುವ ಕಡೆ ನಿಂತು ಕೆಲಸ ಮಾಡತಕ್ಕದ್ದು. ಮೊದಲ ವರ್ಷಕ್ಕೆ ಒಂದು ಗರಗಸ, ಒಂದು ರಂಧಾ, ಎರಡು ಮೂರು ಉಳಿ, ಕೊಡತಿ, ಮೂಲೆಮಟ್ಟ, ಸಾಣೆಕಲ್ಲು ಇದ್ದರೆ ಬೇಕಾದಷ್ಟಾಯಿತು. ನನ್ನ ಮಿತ್ರರ ಗುರು ಮೊದಲ ತಿಂಗಳು ಪೂರ್ತಿ ಮಸೆಯುವುದನ್ನೇ ಕಲಿಸಿದರು. “ಮಾಸ್ತರ್ರ, ಉಳಿ ಮೊಂಡ ಇದ್ರ ಕೈ ಸಿಟ್ಟಿಗೇಳ್ತದ್ರಿ. ಸಿಟ್ಟಿಗೆದ್ದ ಕೈ ರಗತ ಕಾಣ್ತದ್ರಿ” ಎಂದರಂತೆ. ಮೊಂಡ ಉಳಿಗೆ ಬಲ ಹಾಕಬೇಕು. ಬಲ ಹಾಕಿದಾಗ ಅದು ಜಾರುತ್ತದೆ. ಹರಿತವಾದದ್ದೇ ಸುರಕ್ಷಿತ ಎಂಬುದನ್ನು ನಾನು ಅಂದೇ ತಿಳಿದದ್ದು.

ನನ್ನ ಮಿತ್ರರು ಹತ್ತು ವರ್ಷದ ಹುಡುಗನಾಗಿದ್ದಾಗ, ಮಾನ್ವಿ ಸೀಮೆಯ ತಮ್ಮ ಹಳ್ಳಿಯಲ್ಲಿ, ಬಡಿಗರ ಅಂಗಳದಲ್ಲಿ ಹೊಟ್ಟಿನ ರಾಶಿಯ ಮೇಲೆ ಕುಳಿತು ನೋಡುತ್ತಿದ್ದರಂತೆ. “ಓದೋ ಹುಡುಗ ನೀನು, ಅಲ್ಲೇನು ಕೆಲಸ?” ಎಂದು ತಂದೆ ಕಿವಿಹಿಡಿದು ಕರೆದೊಯ್ದರು. ಅಂದು ತಂದೆ ಬಿಡಿಸಿದ್ದನ್ನು ಐವತ್ತು ವರ್ಷದ ಮೇಲೆ ಹಿಡಿದರೆ, ಇಂದು ಮಗ ಬಿಡಿಸಲು ನಿಂತಿದ್ದಾನೆ. ನಡುವಣ ಐವತ್ತು ವರ್ಷಗಳಲ್ಲಿ ನಮ್ಮ ಸಮಾಜ ಎಷ್ಟು ಮುಂದೆ ಬಂದಿತೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಕಡೆಯದಾಗಿ ಒಂದು ಮಾತು. ಆ ದೇವದುರ್ಗದ ಹಿರಿಯರ ಮೊಮ್ಮಗ ನನ್ನ ಬಿ.ಎ. ತರಗತಿಯಲ್ಲೇ ಇದ್ದಾನೆಂಬುದು ನನಗೆ ಈಚೆಗೆ ತಿಳಿಯಿತು. ಅವನು ಓದಲಿ, ಬೇಕಾದ ಹುದ್ದೆಗೆ ಹೋಗಲಿ; ಬಡಿಗನ ಮಗ ಬಡಿಗನೇ ಆಗಬೇಕೆಂಬ ಹಾಳುಮಾತು ನನ್ನ ಬಾಯಲ್ಲಿ ಬರದಿರಲಿ. ಆದರೆ ನಾನು ಬಾಚಿಯನ್ನು ವಿವರಿಸುತ್ತಿದ್ದ ದಿನ ಆ ಅರುವತ್ತು ಮಂದಿಯಲ್ಲಿ ಬಾಚಿಯನ್ನು ಬಲ್ಲವನು ಅವನೊಬ್ಬನೇ ಇದ್ದಿರಬೇಕು. ಅವನು ತಲೆ ಎತ್ತಲಿಲ್ಲ. ತನ್ನ ಅಜ್ಜನ ಕಸುಬು ಗೊತ್ತಾದರೆ ಜತೆಯವರು ನಕ್ಕಾರೆಂಬ ಭಯ. ಆ ನಗೆಯನ್ನು ಕಲಿಸಿದವರು ಯಾರು? ಅಧ್ಯಾಪಕರ ಕೋಣೆಯಲ್ಲಿ ಹಲಗೆ ಕೂಡಿಸುವ ಚಟಾಕಿ ಹಾರಿಸಿದ ನನ್ನಂಥವರಲ್ಲವೆ? ಊರ ನಡುವೆ, ಎಲ್ಲರೂ ಗೌರವಿಸುವ ನಿವೃತ್ತ ಮಾಸ್ತರರೊಬ್ಬರು ಆ ಅಜ್ಜನ ಮುಂದೆ ಶಿಷ್ಯರಾಗಿ ನಿಂತದ್ದನ್ನು ಕಂಡರೆ, ಆ ಹುಡುಗನ ತಲೆ ಒಂದಿಷ್ಟು ಮೇಲೇಳಬಹುದು. ಚಪ್ಪರ ಉಳಿಯಬೇಕೆಂದು ನಾನು ವಾದಿಸುತ್ತಿರುವುದು ಇದಕ್ಕಾಗಿ.

ನನ್ನ ನಿವೃತ್ತಿಗೆ ಇನ್ನೂ ಹದಿನಾಲ್ಕು ವರ್ಷಗಳಿವೆ. ಅಲ್ಲಿಯವರೆಗೆ ಕಾಯುವುದಿಲ್ಲ, ಭಾನುವಾರಗಳಂದು ನಾನೂ ಆ ಚಪ್ಪರದಡಿ ಮಸೆಯುತ್ತಿದ್ದೇನೆ. ಈ ಸಲ ವಚನದ ಪಾಠ ಬಂದಾಗ ಬಾಚಿಯನ್ನು ಕೈಚೀಲದಲ್ಲಿಟ್ಟುಕೊಂಡು ತರಗತಿಗೆ ಹೋಗುವವನಿದ್ದೇನೆ. ಹಿಡಿಯುವುದು ಹೇಗೆಂದು ಆ ಹುಡುಗ ಎದ್ದು ಬಂದು ತೋರಿಸಿಯಾನು. ಬಾರದಿದ್ದರೆ, ತಪ್ಪು ಅವನದೆಂದು ಯಾರೂ ಹೇಳಕೂಡದು.