ಕತ್ತಲೆಯ ಕಾವಲು

ಸೂರ್ಯನೂ ಸೇರಿರುವ ನಕ್ಷತ್ರಸಮೂಹವನ್ನು ಅದರ ಒಳಗಿನಿಂದಲೇ ನೋಡಿದಾಗ ಕಾಣುವ ಬೆಳ್ಳನೆಯ ಪಟ್ಟಿಯೇ ಆಕಾಶಗಂಗೆ. ಅದರ ಕೇಂದ್ರಭಾಗವು ಧನು ರಾಶಿಯ ದಿಕ್ಕಿನಲ್ಲಿದ್ದು, ಬೆಂಗಳೂರಿನಲ್ಲಿ ದಕ್ಷಿಣ ದಿಗಂತದಿಂದ ಸುಮಾರು 48 ಡಿಗ್ರಿ ಮೇಲೇರುತ್ತದೆ; ಉತ್ತರಕ್ಕೆ ಬಹುದೂರವಿರುವ ಲಡಾಖಿನ ಹಾನ್ಲೆಯಲ್ಲಿ ಸುಮಾರು 28 ಡಿಗ್ರಿಗೇ ನಿಂತುಬಿಡುತ್ತದೆ. ಹೀಗಿದ್ದೂ ಅದರ ಚಿತ್ರ ತೆಗೆಯಬಯಸುವವರು ಸಮುದ್ರಮಟ್ಟದಿಂದ 4,000 ಮೀಟರಿಗೂ ಎತ್ತರದ ಹಾನ್ಲೆಯ ಬಯಲಿಗೆ ಹೋಗಿ, ಅಮಾವಾಸ್ಯೆಯ ಆಸುಪಾಸಿನಲ್ಲಿ ಗುಡಾರ ಹಾಕಿ ಚಳಿಯಲ್ಲಿ ಕಾಯುತ್ತಾರೆ. ಬೆಂಗಳೂರಿನ ನೆತ್ತಿಯ ಮೇಲೆ ಹಬ್ಬಿರುವ ದೀಪಗಳ ಮಬ್ಬು ಆ ಪಟ್ಟಿಯನ್ನು ಸಂಪೂರ್ಣವಾಗಿ ನುಂಗಿಹಾಕಿದೆ. ಹಾನ್ಲೆಯಲ್ಲಿ ಕತ್ತಲೆ ಇನ್ನೂ ಉಳಿದಿದೆ.

ಮೋಡ ವಿರಳವಾಗಿ, ಗಾಳಿ ತೆಳುವಾಗಿ, ಅದರಲ್ಲಿ ನೀರಾವಿ ಅತ್ಯಲ್ಪವಾಗಿರುವ ಈ ಎತ್ತರವನ್ನು ಖಗೋಳಜ್ಞರು ಮೊದಲೇ ಗುರುತಿಸಿದ್ದರು. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯು ಅಲ್ಲಿಯ ಬೆಟ್ಟದ ಮೇಲೆ ಸ್ಥಾಪಿಸಿದ, 2 ಮೀಟರ್ ವ್ಯಾಸದ ಕನ್ನಡಿಯುಳ್ಳ ಹಿಮಾಲಯನ್ ಚಂದ್ರ ದೂರದರ್ಶಕವು 2000ರಲ್ಲಿ ಮೊದಲ ಬಾರಿಗೆ ಆಕಾಶವನ್ನು ಕಂಡಿತು; ಅದನ್ನು ಇಂದಿಗೂ ನಡೆಸುವುದು ಹೊಸಕೋಟೆಯ ಕೇಂದ್ರದಿಂದ, ಉಪಗ್ರಹ ಸಂಪರ್ಕದ ಮೂಲಕ.

ದೊಡ್ಡ ಕನ್ನಡಿಯಿಲ್ಲದ ಸಾಮಾನ್ಯ ಕ್ಯಾಮೆರಾ ಕಾಲವನ್ನು ನೆಚ್ಚಿಕೊಳ್ಳಬೇಕಾಗುತ್ತದೆ. ಬೆಳಕನ್ನು ಒಳಬಿಡುವ ತೆರೆಯಾದ ಷಟರನ್ನು ಹೆಚ್ಚು ಹೊತ್ತು ತೆರೆದಿಟ್ಟಷ್ಟೂ ಬೆಳಕು ಹನಿಹನಿಯಾಗಿ ಕೂಡಿಕೊಳ್ಳುತ್ತದೆಯಾದರೂ, ಭೂಮಿಯ ತಿರುಗುವಿಕೆಯಿಂದ ಆಕಾಶವು ಗಂಟೆಗೆ 15 ಡಿಗ್ರಿಯಂತೆ ಸರಿಯುವುದರಿಂದ ಚುಕ್ಕೆಗಳು ಕ್ರಮೇಣ ಗೆರೆಗಳಾಗುತ್ತವೆ. ಆದುದರಿಂದ ಛಾಯಾಗ್ರಾಹಕರು 500ನ್ನು ಲೆನ್ಸಿನ ನಾಭಿದೂರದಿಂದ ಭಾಗಿಸುವ ಸರಳ ಲೆಕ್ಕವೊಂದನ್ನು ಬಳಸುತ್ತಾರೆ. 20 ಮಿಲಿಮೀಟರ್ ಲೆನ್ಸಿಗೆ 25 ಸೆಕೆಂಡು ದೊರೆಯುತ್ತದೆ. ಇಂದಿನ ಸೂಕ್ಷ್ಮ ಸಂವೇದಕಗಳಿಗೆ ಇದೂ ಹೆಚ್ಚಾಯಿತೆನ್ನಬೇಕು, 12 ಅಥವಾ 15 ಸೆಕೆಂಡಿಗೆ ನಿಲ್ಲಿಸುವುದೇ ಮೇಲು.

ಹೀಗೆ ಪಡೆದ ಚಿತ್ರದಲ್ಲಿ ಕಣ್ಣಿಗೆ ಕಾಣದ ಬಣ್ಣಗಳಿರುತ್ತವೆ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಅಕ್ಷಿಪಟದ ದಂಡಕೋಶಗಳು ಬಣ್ಣವನ್ನು ಗುರುತಿಸಲಾರವು. ಕ್ಯಾಮೆರಾವಾದರೋ ಜಲಜನಕದ ಮೋಡಗಳ ಕೆಂಪನ್ನೂ, ಸುಮಾರು 95 ಕಿಲೋಮೀಟರ್ ಎತ್ತರದಲ್ಲಿ ಆಮ್ಲಜನಕದ ಪರಮಾಣುಗಳು ಸೂಸುವ ತೆಳು ಹಸಿರನ್ನೂ ದಾಖಲಿಸುತ್ತದೆ. 2024ರ ಮೇ ತಿಂಗಳ ಪ್ರಬಲ ಸೌರಮಾರುತದ ವೇಳೆ ಹಾನ್ಲೆಯ ಕ್ಯಾಮೆರಾಗಳಲ್ಲಿ ಮೂಡಿದ ಕೆಂಪು ಪ್ರಭೆಯೂ ಇಂಥದೇ. ಇಂತಹ ಚಿತ್ರಗಳನ್ನು ಸುಳ್ಳೆಂದು ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ಆ ಬೆಳಕು ಅಲ್ಲಿ ಇದ್ದೇ ಇತ್ತು. ಬೇಸರದ ಸಂಗತಿಯೆಂದರೆ, ದಂಡಕೋಶಗಳು ಕತ್ತಲೆಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕಾಗಿದ್ದು, ಕ್ಯಾಮೆರಾದ ಪರದೆಯನ್ನು ಪದೇ ಪದೇ ನೋಡುವವರು ಆ ಒಗ್ಗುವಿಕೆಯನ್ನು ತಾವೇ ಕೆಡಿಸಿಕೊಂಡು, ಅಷ್ಟು ದೂರ ಬಂದೂ ಬರಿಗಣ್ಣಿನ ಆಕಾಶವನ್ನು ಕಾಣದೆ ಹಿಂದಿರುಗುತ್ತಾರೆ. ಷಟರ್ ತೆರೆದಿರುವ ಸೆಕೆಂಡುಗಳಲ್ಲಿ ಕ್ಯಾಮೆರಾವನ್ನು ಮುಟ್ಟುವಂತೆಯೂ ಇಲ್ಲ. ಆ ಹೊತ್ತು ತಲೆಯೆತ್ತಿ ನೋಡುವುದಕ್ಕೆ ಮೀಸಲಾಗಬೇಕು.

ಹಾನ್ಲೆಯ ಕತ್ತಲೆ ತಾನಾಗಿಯೇ ಉಳಿದುಬಂದದ್ದೂ ಅಲ್ಲ. ದೂರದರ್ಶಕದ ಸುತ್ತಣ 1,073 ಚದರ ಕಿಲೋಮೀಟರ್ ಪ್ರದೇಶವನ್ನು 2022ರ ಡಿಸೆಂಬರಿನಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶವೆಂದು, ಅಂದರೆ ಹೊರಗಿನ ಕೃತಕ ಬೆಳಕಿಗೆ ಮಿತಿಯಿರುವ ನೆಲವೆಂದು ಘೋಷಿಸಲಾಯಿತು. ಕಿಟಕಿಗಳಿಗೆ ದಪ್ಪ ಪರದೆ ಇಳಿಬಿಟ್ಟು, ದೀಪಗಳಿಗೆ ಮರೆ ಕಟ್ಟಿ ಅದನ್ನು ಕಾಪಾಡುತ್ತಿರುವವರು ಅಲ್ಲಿಯ ಹಳ್ಳಿಗರು. ಅವರಲ್ಲಿ ಕೆಲವರು ತರಬೇತಿ ಪಡೆದು, ಚಿಕ್ಕ ದೂರದರ್ಶಕಗಳಲ್ಲಿ ಪ್ರವಾಸಿಗರಿಗೆ ಆಕಾಶವನ್ನು ತೋರಿಸುತ್ತಾರೆ. ದಾರಿ ತಿರುವಿನಲ್ಲಿ ಜೀಪೊಂದರ ಮುಂದೀಪ ಕ್ಷಣಕಾಲ ಬಯಲಿನ ಕಡೆ ಹೊರಳಿದರೂ ಸಾಕು, ಆ ಹೊತ್ತಿಗೆ ತೆರೆದಿದ್ದ ಷಟರುಗಳ ಚಿತ್ರಗಳೆಲ್ಲ ಬೆಳ್ಳಗಾಗಿಬಿಡುತ್ತವೆ. ಇದನ್ನು ಬಲ್ಲವರು ಪವರ್ ಬ್ಯಾಂಕಿನ ಸಾಸಿವೆಕಾಳಿನಷ್ಟು ದೀಪದ ಮೇಲೂ ಕಪ್ಪು ಟೇಪು ಅಂಟಿಸಿರುತ್ತಾರೆ. ಬೆಳಗಿನ ಜಾವದ ಕೊರೆತಕ್ಕೆ ಕ್ಯಾಮೆರಾದ ಬ್ಯಾಟರಿ ಸೋತಾಗ, ಅಂಗಿಯ ಒಳಜೇಬಿನಲ್ಲಿ ಬೆಚ್ಚಗಿಟ್ಟುಕೊಂಡ ಇನ್ನೊಂದನ್ನು ತೆಗೆದು, ಪಕ್ಕದ ಗುಡಾರದವರ ಚಿತ್ರ ಕೆಡದಿರಲೆಂದು ಟಾರ್ಚು ಹಚ್ಚದೆ, ಮರಗಟ್ಟಿದ ಬೆರಳುಗಳಿಂದ ತಡವಿಕೊಂಡೇ ಅದರ ಗೂಡಿಗೆ ಸೇರಿಸುತ್ತಾರೆ.