ಓವನ್‌ಗೆ ಹೋದರೆ ಬ್ರೌನಿಯಲ್ಲಿರುವ ಮದ್ಯ ಪೂರ್ತಿ ಆವಿಯಾಗುತ್ತಾ?

ಕಿತ್ತಳೆ ಲಿಕ್ಯೂರ್ ಹಾಕಿದ ಚಾಕೊಲೇಟ್ ಬ್ರೌನಿಯ ವಿಡಿಯೋ ಫಾರ್ವರ್ಡ್ ಆದಾಗ ಅದರ ಜೊತೆ ಎರಡು ಬಗೆಯ ಮಾತು ಬರುತ್ತವೆ. ‘ಓವನ್ ಬಿಸಿಗೆ ಮದ್ಯ ಎಲ್ಲಾ ಹಾರಿಹೋಗುತ್ತೆ, ಧೈರ್ಯವಾಗಿ ತಿನ್ನಿ’ ಎನ್ನುವುದು ಒಂದು. ‘ಒಂದು ತುಂಡು ತಿಂದರೂ ಅಮಲು ಗ್ಯಾರಂಟಿ’ ಎನ್ನುವುದು ಇನ್ನೊಂದು. ಎರಡೂ ತಪ್ಪು. ಆದರೆ ಹೆಚ್ಚು ತೊಂದರೆ ಕೊಡುವುದು ಮೊದಲನೆಯದು.

ಅದಕ್ಕೆ ಕೊಡುವ ಕಾರಣ ಕೇಳಲು ಸರಿಯಾಗಿಯೇ ಇದೆ: ಮದ್ಯಸಾರ ಕುದಿಯುವುದು 78 ಡಿಗ್ರಿಯಲ್ಲಿ, ಓವನ್ ಇರುವುದು 180 ಡಿಗ್ರಿಯಲ್ಲಿ. ಆದರೆ 180 ಎನ್ನುವುದು ಓವನ್ ಒಳಗಿನ ಗಾಳಿಯ ಬಿಸಿ. ಬ್ರೌನಿಯ ಒಳಭಾಗ ಒದ್ದೆಯಾಗಿರುವವರೆಗೆ 100 ಡಿಗ್ರಿ ದಾಟುವುದಿಲ್ಲ. ಜೊತೆಗೆ, ನೀರಿನಲ್ಲಿ ಬೆರೆತ ಮದ್ಯಸಾರ ತಾನೊಂದೇ ಎದ್ದು ಹೋಗುವುದಿಲ್ಲ, ನೀರಿನ ಜೊತೆಜೊತೆಗೇ ಆವಿಯಾಗುತ್ತದೆ. ಎಲ್ಲಾ ಮದ್ಯ ಹೋಗಬೇಕಾದರೆ ಬ್ರೌನಿ ಒಣಗಿ ರಸ್ಕ್ ಆಗಬೇಕು. ನಡುವೆ ಮೆತ್ತಗೆ, ಅಂಟಂಟಾಗಿ ಇರಲಿ ಎಂದೇ ನಾವು ಅದನ್ನು ಬೇಗ ಹೊರಗೆ ತೆಗೆಯುವುದು.

ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ, ಕಲಕದೆ 25 ನಿಮಿಷ ಬೇಯಿಸಿದ ತಿನಿಸಿನಲ್ಲಿ ಸುಮಾರು 45% ಮದ್ಯಸಾರ ಉಳಿಯುತ್ತದೆ. ಎರಡೂವರೆ ಗಂಟೆ ಕುದಿಸಿದ ಸಾರಿನಂಥ ಅಡುಗೆಯಲ್ಲೂ 5% ಇರುತ್ತದೆ. ಬೆಂಕಿ ಹಚ್ಚಿ ಧಗ್ ಎನ್ನಿಸುವ ಹೋಟೆಲ್ ಆಟ ಇದೆಯಲ್ಲ, ಅದರಲ್ಲಿ 75% ಅಲ್ಲೇ ಇರುತ್ತದೆ!

ಈಗ ಲೆಕ್ಕ ಹಾಕೋಣ. ಕ್ವಾಂತ್ರೊ, ಗ್ರ್ಯಾಂಡ್ ಮಾರ್ನಿಯರ್‌ನಂಥ ಕಿತ್ತಳೆ ಲಿಕ್ಯೂರ್‌ನಲ್ಲಿ ಮದ್ಯಸಾರ 40%. ಎರಡು ಟೇಬಲ್ ಸ್ಪೂನ್ (30 ಮಿ.ಲೀ.) ಹಾಕಿದರೆ ಸುಮಾರು 9.5 ಗ್ರಾಂ ಮದ್ಯಸಾರ. ಬೆಂದ ಮೇಲೆ ಉಳಿಯುವುದು 4.3 ಗ್ರಾಂ. 16 ತುಂಡು ಮಾಡಿದರೆ ಒಂದರಲ್ಲಿ ಕಾಲು ಗ್ರಾಂಗಿಂತ ತುಸು ಹೆಚ್ಚು. 330 ಮಿ.ಲೀ. ಬಿಯರ್‌ನಲ್ಲಿ (5%) 13 ಗ್ರಾಂ ಇರುತ್ತದೆ. ಅಷ್ಟಾಗಲು 48 ತುಂಡು ತಿನ್ನಬೇಕು. ಅಮಲಿಗಿಂತ ಮೊದಲು ಹೊಟ್ಟೆ ಕೆಡುತ್ತದೆ.

ಬೆಂದ ಮೇಲೆ ಮೇಲಿನಿಂದ ಲಿಕ್ಯೂರ್ ಸವರಿದರೆ ಈ ಲೆಕ್ಕ ನಡೆಯುವುದಿಲ್ಲ. ಬಿಸಿಯೇ ತಾಗದ ಮದ್ಯ ಬಹುಪಾಲು ಹಾಗೇ ಇರುತ್ತದೆ. ಕ್ರಿಸ್‌ಮಸ್ ಪ್ಲಮ್ ಕೇಕ್‌ಗೆ ರಮ್ ಉಣಿಸುವುದೂ ಹೀಗೆಯೇ.

ಹಾಗಾದರೆ ಇಷ್ಟು ಚೂರಿಗೆ ತಲೆ ಯಾಕೆ ಕೆಡಿಸಿಕೊಳ್ಳಬೇಕು? ಕುಡಿತ ಬಿಡಿಸಲು ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಆಹಾರದಲ್ಲಿರುವ ಸ್ವಲ್ಪ ಮದ್ಯಸಾರದಿಂದಲೂ ಮುಖ ಕೆಂಪೇರಿ, ವಾಂತಿ, ಎದೆ ಬಡಿತ ಶುರುವಾಗಬಹುದು. ಕುಡಿತ ಬಿಟ್ಟು ಗಟ್ಟಿಯಾಗಿ ನಿಂತವರಿಗೆ ಆ ರುಚಿ, ವಾಸನೆಯೇ ಸಾಕು. ಗರ್ಭಿಣಿಯರು, ಧರ್ಮದ ಕಾರಣಕ್ಕೆ ಮದ್ಯ ಮುಟ್ಟದವರು, ಚಿಕ್ಕ ಮಕ್ಕಳ ತಂದೆತಾಯಿ, ಇವರೆಲ್ಲ ತಾವೇ ನಿರ್ಧರಿಸಬೇಕಾದ ವಿಷಯ ಇದು. ‘ಎಲ್ಲಾ ಹಾರಿಹೋಗಿದೆ’ ಎಂದು ಹೇಳಿ ಕೊಟ್ಟರೆ ಅವರ ನಿರ್ಧಾರವನ್ನು ನಾವು ಮಾಡಿದಂತೆ. ಪ್ಯಾಕೆಟ್ ಮೇಲಿನ ಹಸಿರು ಗುರುತನ್ನೂ ನಂಬಿ ಕೂರಬೇಡಿ. ಅದು ಸಸ್ಯಾಹಾರ ಎಂದಷ್ಟೇ ಹೇಳುತ್ತದೆ, ಮದ್ಯ ಇಲ್ಲ ಎಂದಲ್ಲ.

ಲಿಕ್ಯೂರ್‌ನ ಪರಿಮಳ ಬರುವುದು ಕಿತ್ತಳೆ ಸಿಪ್ಪೆಯ ಎಣ್ಣೆಯಿಂದ. ಆ ಎಣ್ಣೆ ಮನೆಯಲ್ಲೇ ಸಿಗುತ್ತದೆ: ಹಣ್ಣನ್ನು ಚೆನ್ನಾಗಿ ತೊಳೆದು, ಸಿಪ್ಪೆಯ ಬಣ್ಣದ ಭಾಗವನ್ನು ಮಾತ್ರ ತುರಿದು, ಸಕ್ಕರೆ ಜೊತೆ ಬೆರಳಲ್ಲಿ ಉಜ್ಜಿ. ಸಕ್ಕರೆ ಒದ್ದೆಯಾಗಿ ಘಮ್ಮೆಂದ ಮೇಲೆ ಹಿಟ್ಟಿಗೆ ಹಾಕಿ. ಒಳಗಿನ ಬಿಳಿ ಭಾಗ ಬಂದರೆ ಕಹಿಯಾಗುತ್ತದೆ.