ಹಳೆಯ ನಾಟಕ ಮತ್ತು ಅದರ ಕಾಲ

ಗೋಕಾಕ ಸೀಮೆಯ ಮಸಗುಪ್ಪಿಯಂಥ ಊರಿನವರಿಗೆ ಶ್ರೀಕೃಷ್ಣ ಪಾರಿಜಾತದ ನಗೆಮಾತುಗಳನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆಡುವವರ ನುಡಿಯೂ ನೋಡುವವರ ನುಡಿಯೂ ಒಂದೇ. ಆದರೆ ಕಾಲದೇಶಗಳೆರಡರಲ್ಲಿಯೂ ದೂರವಾದ ನಾಟಕವನ್ನು ಬರಿಯ ಮಾತುಗಳಿಂದ ಅರಿಯಲಾಗದು.

ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನವೊಂದು ಇದಕ್ಕೆ ನಿದರ್ಶನ. ಅದರ ಹಸ್ತಪ್ರತಿ ಕ್ರಿ. ಶ. 2ನೆಯ ಶತಮಾನದ್ದು. ಭಾರತದ ಕಡಲತೀರದಲ್ಲಿ ಸೆರೆಸಿಕ್ಕ ಚಾರಿಟಿಯನ್ ಎಂಬ ಗ್ರೀಕ್ ತರುಣಿಯನ್ನು ಅವಳ ಕಡೆಯವರು, ಅಲ್ಲಿಯ ಅರಸನಿಗೆ ಮದ್ಯ ಕುಡಿಸಿ, ಬಿಡಿಸಿಕೊಂಡು ಹೋಗುವುದು ಅದರ ಕಥೆ. ಅರಸನೂ ಅವನ ಪರಿವಾರದವರೂ ಆಡುವ ಮಾತುಗಳಲ್ಲಿ ಕನ್ನಡವಿದೆಯೆಂದು 1904ರಲ್ಲಿ ಶಾಸನತಜ್ಞ ಹುಲ್ಟ್ಜ್ ಪ್ರತಿಪಾದಿಸಿದರು. 1926ರಲ್ಲಿ ವಿದ್ವಾಂಸ ಬಾರ್ನೆಟ್ ಅದನ್ನು ಅಲ್ಲಗಳೆದರು. ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ.

'ಇದು ನಮ್ಮ ನುಡಿ' ಎಂದು ಹಿಗ್ಗುವುದು ಸುಲಭ. ಅಂದಿನ ಕಾಲವನ್ನು ಅರಿಯುವುದು ಕಷ್ಟ. ಆಗ ರೋಮನ್ನರ ಆಳ್ವಿಕೆಯಲ್ಲಿದ್ದ ಈಜಿಪ್ಟಿನಿಂದ ಹಡಗುಗಳು ಮುಂಗಾರು ಗಾಳಿಯನ್ನು ನೆಚ್ಚಿ, ಮೆಣಸಿಗಾಗಿ ಭಾರತದ ಪಡುವಣ ಕರಾವಳಿಗೆ ಬರುತ್ತಿದ್ದವು. ಅವು ತರುತ್ತಿದ್ದ ಸರಕುಗಳಲ್ಲಿ ದ್ರಾಕ್ಷಾಮದ್ಯವೂ ಇತ್ತು. ಇದನ್ನು ತಿಳಿದವರಿಗೆ ಮದ್ಯದ ಆ ಪ್ರಸಂಗ ಕೇವಲ ಕಲ್ಪನೆಯಾಗಿ ತೋರದು. ಪರದೇಶದ ಅರಸನನ್ನು ಮಂಕನನ್ನಾಗಿಸಿ ನಗಿಸುವ ಉದ್ದೇಶವೂ ಅಲ್ಲಿ ಸ್ಪಷ್ಟವಾಗಿದೆ. ಆ ಮಾತುಗಳು ಕನ್ನಡವೇ ಆಗಿದ್ದರೂ, ಅವನ್ನು ಅಲ್ಲಿ ತಂದಿರುವುದು ಗೌರವಕ್ಕಾಗಿ ಅಲ್ಲ, ಹಾಸ್ಯಕ್ಕಾಗಿ.

ಆದುದರಿಂದ ಪ್ರಾಚೀನ ಕೃತಿಯನ್ನು ಓದುವವರು ಅದನ್ನು ಬರೆದವರ ಕಾಲವನ್ನೂ ಅದಕ್ಕೆ ನಕ್ಕವರ ಮನೋಧರ್ಮವನ್ನೂ ವಿಚಾರಿಸಬೇಕು. ಭಾಷಾಭಿಮಾನ ಪ್ರಶ್ನೆಯನ್ನು ಹುಟ್ಟಿಸಬಹುದು. ಉತ್ತರಕ್ಕೆ ಆಧಾರವೇ ಬೇಕು.